ಕಂಪ್ಯೂಟರ್ ಡಾಕ್ಟರಾದರೆ?



ನಾನು ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ: ‘ಇನ್ನು ಕಂಪ್ಯೂಟರೇ ಡಾಕ್ಟರಾಗುತ್ತದಂತೆ, ನಿಜವೇನಪ್ಪಾ?’ ಅದಕ್ಕೆ ಥಾಯ್ಲೆಂಡಿನ ಉದಾಹರಣೆ ಹೇಳುತ್ತೇನೆ.

ಸಕ್ಕರೆ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನು ಸದ್ದಿಲ್ಲದೆ ಕೆಡಿಸುತ್ತದೆ. ಬೇಗ ಗೊತ್ತಾದರೆ ದೃಷ್ಟಿ ಉಳಿಸಬಹುದು. ಆದರೆ ಹಳ್ಳಿಗಾಡಿನಲ್ಲಿ ಕಣ್ಣಿನ ತಜ್ಞರಿರುವುದಿಲ್ಲ. ಕಣ್ಣಿನ ಫೋಟೊ ನೋಡಿ ಇದನ್ನು ಗುರುತಿಸುವ ಕೃತಕ ಬುದ್ಧಿಮತ್ತೆಯ ಬಗ್ಗೆ ಗೂಗಲ್ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅದು ಕಲಿತ ಸುಮಾರು 1,28,000 ಚಿತ್ರಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು. ಪರೀಕ್ಷೆಯಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು.

ಮುಂದೆ ಅಂಥ ವ್ಯವಸ್ಥೆಯನ್ನು ಥಾಯ್ಲೆಂಡಿನ 11 ಕ್ಲಿನಿಕ್ಕುಗಳಲ್ಲಿ ನರ್ಸುಗಳ ಕೈಗೆ ಕೊಟ್ಟರು. ಹಲವು ಕಡೆ ಕೋಣೆ ಕತ್ತಲು ಮಾಡುವ ಅನುಕೂಲವಿರಲಿಲ್ಲ, ಫೋಟೊ ಸ್ಪಷ್ಟವಾಗಿ ಬರಲಿಲ್ಲ. 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಯಂತ್ರ ಒಪ್ಪಲೇ ಇಲ್ಲ. ಇಂಟರ್ನೆಟ್ ನಿಧಾನವಾದಾಗ ರೋಗಿಗಳು ಕಾಯಬೇಕಾಯಿತು. ಫೋಟೊ ಸರಿಯಿಲ್ಲವೆಂಬ ಕಾರಣಕ್ಕೇ ದೂರದ ಆಸ್ಪತ್ರೆಗೆ ಹೋಗೆಂದರೆ ಬಡವರಿಗೆ ಒಂದು ದಿನದ ಕೂಲಿ ನಷ್ಟ. 2020ರಲ್ಲಿ ಸಂಶೋಧಕರೇ ಇದನ್ನೆಲ್ಲ ಮುಚ್ಚಿಡದೆ ಬರೆದರು. ನಮ್ಮ ವೃತ್ತಿಯವರು ಕಲಿಯಬೇಕಾದ ಗುಣ ಅದು.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ನಾಳೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬರಲಿ. ಬಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ನಮ್ಮಂಥ ಊರಿನಲ್ಲಿ ಪರೀಕ್ಷಿಸಿದ್ದೀರಾ? ತಪ್ಪಾದರೆ ಹೊಣೆ ಯಾರದು? ರೋಗವಿದೆ ಎಂದಾದರೆ ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಎದ್ದು ನಿಂತು ಪ್ರಶ್ನೆ ಕೇಳುವುದನ್ನು ನಮಗೆ ಕಲಿಸಿದ್ದು ಈ ಶಾಲೆಯ ಮೇಷ್ಟ್ರುಗಳೇ.