ಆರತಿ ತಟ್ಟೆಯಿಂದ ಬಚ್ಚಲುಮನೆಯವರೆಗೆ



ರಸಾಯನಶಾಸ್ತ್ರ ಎಂದರೆ ಶಾಲೆಯ ಪ್ರಯೋಗಾಲಯ ನೆನಪಾಗುತ್ತದೆ. ಆದರೆ ಅದರ ಒಂದು ಮುಖ್ಯ ಪಾಠ ನಮ್ಮ ಆರತಿ ತಟ್ಟೆಯಲ್ಲೇ ಇದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲವೇ? ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್, ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಸಾರು ಚೆಲ್ಲಿದ ಬಟ್ಟೆಗೆ ಸೋಪು ಹಚ್ಚಿದಾಗ ಕಲೆ ಕೆಂಪಗಾಗುವುದೂ ಇದರಿಂದಲೇ. ಅದರ ಮೇಲೆ ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿಯಾಗುತ್ತದೆ.

ಹುಳಿಯಾದವು ಆಮ್ಲಗಳು. ನಿಂಬೆಯಲ್ಲಿ ಸಿಟ್ರಿಕ್, ಹುಣಸೆಯಲ್ಲಿ ಟಾರ್ಟಾರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಸುಣ್ಣದ ತಿಳಿ, ಸೋಪಿನ ನೀರು ಕ್ಷಾರಗುಣದವು. ಆಮ್ಲ ಮತ್ತು ಕ್ಷಾರ ಸೇರಿದರೆ ಸಾಮಾನ್ಯವಾಗಿ ಲವಣ ಮತ್ತು ನೀರು ಉಂಟಾಗುತ್ತವೆ. ಇವುಗಳ ಬಲ ಅಳೆಯಲು 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸನ್ ಪಿಎಚ್ ಎಂಬ ಮಾನ ತಂದರು. 7 ಎಂದರೆ ತಟಸ್ಥ. ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಒಂದು ಅಂಕ ಬದಲಾದರೆ ಹತ್ತು ಪಟ್ಟು ವ್ಯತ್ಯಾಸ. ನಿಂಬೆರಸ ಸುಮಾರು 2, ಅಡುಗೆ ಸೋಡಾ ಕರಗಿಸಿದ ನೀರು 8ಕ್ಕೂ ತುಸು ಮೇಲೆ, ಬಟ್ಟೆಯ ಬ್ಲೀಚ್ 11ಕ್ಕೂ ಮೇಲೆ.

ಈಗ ಬಚ್ಚಲುಮನೆಗೆ ಬನ್ನಿ. ಟಾಯ್ಲೆಟ್ ತೊಳೆಯುವ ಹಲವು ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಬ್ಲೀಚ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಎರಡೂ ಹಾಕಿದರೆ ಇನ್ನೂ ಸ್ವಚ್ಛವಾದೀತು ಎಂದುಕೊಂಡು ಬೆರೆಸಿದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪರ್ ಬಳಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಕಿಟಕಿ ಚಿಕ್ಕದಾದ ನಮ್ಮ ಫ್ಲ್ಯಾಟಿನ ಬಚ್ಚಲಿನಲ್ಲಿ ಅದು ಹೊರಹೋಗಲು ದಾರಿಯೇ ಇರುವುದಿಲ್ಲ. ಅಮೋನಿಯ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ. ಅಲ್ಲಿಯೂ ವಿಷಾನಿಲವೇ ಹುಟ್ಟುತ್ತದೆ.

ಕಣ್ಣು ಉರಿದು ಕೆಮ್ಮು ಬಂದರೆ ತೊಳೆಯುವುದನ್ನು ಅಲ್ಲಿಗೇ ಬಿಟ್ಟು ತೆರೆದ ಗಾಳಿಗೆ ಬನ್ನಿ. ಚರ್ಮಕ್ಕೋ ಕಣ್ಣಿಗೋ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೊಳೆಯಿರಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಈ ದ್ರವಗಳನ್ನು ಖಾಲಿ ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸವಂತೂ ಬೇಡವೇ ಬೇಡ.

ಕೊನೆಯದಾಗಿ ಒಂದು ಮಾತು. ಹಲವು ಮನೆಗಳಲ್ಲಿ ಬಚ್ಚಲು ತೊಳೆಯುವವಳು ಕೆಲಸಕ್ಕೆ ಬರುವ ಬಾಯಿ. ಬಾಟಲಿಯ ಮೇಲಿನ ಇಂಗ್ಲಿಷ್ ಎಚ್ಚರಿಕೆಯನ್ನು ಆಕೆ ಓದಲಾರದಿರಬಹುದು. ಆಕೆಗೆ ತಿಳಿಯುವ ಮರಾಠಿಯಲ್ಲೋ ಹಿಂದಿಯಲ್ಲೋ ನಾವೇ ಹೇಳೋಣ. ಆ ಉಸಿರಿನ ಹೊಣೆಯೂ ನಮ್ಮದೇ.