ಅಂಗೈಯಗಲ ಗಾಜು

ನಾನು ಮಿಷಿಗನ್ನಿನಲ್ಲಿದ್ದಾಗಿನ ಮಾತು. ಅಲ್ಲಿಯ ಜನವರಿಯಲ್ಲಿ ಕಾರಿನ ಹೀಟರಿನ ಫ್ಯಾನು ನಿಂತಿತೆಂದರೆ ಚಳಿಯೊಂದೇ ಕಷ್ಟವಲ್ಲ. ಉಸಿರಿನ ಆವಿ ಮುಂದಿನ ಗಾಜಿನ ಒಳಮೈಯಲ್ಲಿ ಹೆಪ್ಪುಗಟ್ಟಿ ದಾರಿಯೇ ಮರೆಯಾಗುತ್ತದೆ. ನನ್ನ ಪತ್ನಿ ಬೆಳಗಿನ ಐದಕ್ಕೆ ಆಸ್ಪತ್ರೆಯ ಕೆಲಸಕ್ಕೆ ಹೊರಡುವವಳು. ಒಂದು ಕೈಯಿಂದ ಗಾಜು ಒರೆಸುತ್ತ ಕಾರು ನಡೆಸಿದೆನೆಂದು ಆಕೆ ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಡ್ಯಾಶ್‌ಬೋರ್ಡನ್ನೇ ಕಳಚಬೇಕೆಂದ ಗ್ಯಾರೇಜಿನವ. ಅವನು ಹೇಳಿದ ಮೊತ್ತ ಚಳಿಗಿಂತ ಹೆಚ್ಚು ನಡುಗಿಸಿತು. ಆದರೆ ಹೀಟರಿಗೆ ಶಾಖ ಕೊಡುವುದು ಎಂಜಿನ್ನಿನ ಬಿಸಿನೀರು. ಫ್ಯಾನು ಅದರ ಮೇಲಿಂದ ಗಾಳಿ ದೂಡುವ ಆಳು ಮಾತ್ರ. ಆ ಆಳು, ಎಷ್ಟೋ ಕಾರುಗಳಲ್ಲಿರುವಂತೆ, ನಮ್ಮದರಲ್ಲೂ ಗ್ಲೌವ್ ಬಾಕ್ಸಿನ ಅಡಿಯಲ್ಲೇ ಕುಳಿತಿದ್ದ.

ಫ್ಯೂಸು ಸರಿಯಿತ್ತು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿದೆ. ಒಂದು ಪ್ಲಗ್ಗು, ಮೂರು ಸ್ಕ್ರೂ, ಅಷ್ಟೇ. ಮೂರನೆಯದು ಮಾತ್ರ ಮೂಲೆಯಲ್ಲಡಗಿ ನನ್ನಿಂದ ಒಂದು ಗಂಟೆ ವಸೂಲು ಮಾಡಿತು. ಹೊರತೆಗೆದ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟರೂ ಅದು ತಿರುಗಲಿಲ್ಲ. ದೋಷ ಅದರದೇ ಎಂದು ಖಚಿತವಾದ ಮೇಲೆಯೇ ಹೊಸದನ್ನು ತಂದೆ. ಗೂಡಿನ ಒಣ ಎಲೆಗಳನ್ನು ತೆಗೆದು ಕೂರಿಸಿದೆ.

ಮರುದಿನ ಆಕೆ ಹೊರಡುವಾಗ ಕಿಟಕಿಯಲ್ಲಿ ನಿಂತಿದ್ದೆ. ಬೀದಿದೀಪದ ಬೆಳಕಿನಲ್ಲಿ ಗಾಜು ಮೊದಲು ಅಂಗೈಯಗಲ, ಆಮೇಲೆ ಅವಳ ಮುಖದಗಲ ತಿಳಿಯಾಯಿತು.