ಪೆಪ್ಪರ್‌ಮಿಂಟ್ ಡಬ್ಬಿಯಲ್ಲೊಂದು ಆಂಪ್ಲಿಫೈಯರ್



ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ಚರಿತ್ರೆ ಹುಡುಕುತ್ತಾ ಹೋದರೆ ಒಂದು ಅಡುಗೆಮನೆ ಸಿಗುತ್ತದೆ. ಅಮೆರಿಕದ ಉಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಾವು ಮನೆಯಲ್ಲೇ ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಕಳುಹಿಸಿದರು. ನೌಕಾಪಡೆ ಮೆಚ್ಚಿ ಇನ್ನಷ್ಟು ಕೇಳಿದಾಗ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಾಡಿಕೊಡಲಾಗದು ಎಂದರಂತೆ. ಅಡುಗೆಮನೆಯ ಮೇಜಿನ ಮೇಲೆ ಅದಕ್ಕಿಂತ ಹೆಚ್ಚಿಗೆ ಜಾಗವೆಲ್ಲಿ?

ಹೆಡ್‌ಫೋನಿಗೆ ಬಲ ತುಂಬುವ ಆಂಪ್ಲಿಫೈಯರ್ ಡಬ್ಬಿಯಷ್ಟು ಚಿಕ್ಕದಾಗಲು ಟ್ರಾನ್ಸಿಸ್ಟರ್ ಹುಟ್ಟಬೇಕಾಯಿತು. ಅದು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅದುವರೆಗೆ ಗಾಜಿನ ವಾಲ್ವಿನೊಳಗೆ, ನಿರ್ವಾತದಲ್ಲಿ ಹಾರುತ್ತಿದ್ದ ಎಲೆಕ್ಟ್ರಾನುಗಳು ಘನವಸ್ತುವಿನೊಳಗೇ ಹರಿಯತೊಡಗಿದವು. 'ಸಾಲಿಡ್ ಸ್ಟೇಟ್' ಎಂಬ ಮಾತಿನ ಅರ್ಥ ಇಷ್ಟೇ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸಿತು. ಹಳೆಯ ರೇಡಿಯೋ ರಿಪೇರಿಯವರಿಗೆ ಎಸಿ 127, ಎಸಿ 128 ಎಂದರೆ ಈಗಲೂ ನೆನಪಿದ್ದೀತು.

1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ ಸಂಗೀತ ಜೇಬಿಗಿಳಿಯಿತು. ಆದರೆ ಜೇಬಿನ ಯಂತ್ರಕ್ಕೆ ಶಕ್ತಿ ಕಡಿಮೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600ರಂಥ ಹೆಡ್‌ಫೋನಿನ ತಡೆ 300 ಓಮ್. ಅದು ಹೆಚ್ಚು ವೋಲ್ಟ್ ಬೇಡುತ್ತದೆ. ಎರಡು ಸಣ್ಣ ಸೆಲ್ಲುಗಳ ಯಂತ್ರ ಅಷ್ಟನ್ನು ಎಲ್ಲಿಂದ ತಂದೀತು?

1990ರ ದಶಕದ ಕೊನೆಗೆ ಅಮೆರಿಕದ ಹವ್ಯಾಸಿ ಚು ಮೊಯ್ ಇದಕ್ಕೊಂದು ಸರಳ ನಕ್ಷೆ ಪ್ರಕಟಿಸಿದರು. ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಆಪ್-ಆಂಪ್ ಎಂಬ ಐಸಿ, ಬೆರಳೆಣಿಕೆಯ ರೆಸಿಸ್ಟರು, ಕೆಪಾಸಿಟರುಗಳು. ಇಂಥ ಸಾಮಾನುಗಳೆಲ್ಲ ನಮ್ಮ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲೂ ಸಿಗುವಂಥವೇ. ಆಲ್ಟಾಯ್ಡ್ಸ್ ಎಂಬ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಎಲ್ಲವೂ ಹಿಡಿಯುತ್ತಿತ್ತು. ಜಗತ್ತಿನ ಎಷ್ಟೋ ಹುಡುಗರು ಮೊದಲ ಬಾರಿ ಬೆಸುಗೆ ಕಲಿತದ್ದು ಈ ಡಬ್ಬಿಯ ನೆಪದಲ್ಲಿ.

ಅದರ ಕೆಲಸ ಹೀಗೆ. ಒಳಬರುವ ಸಂಕೇತ ಮೊದಲು 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ದಾಟುತ್ತದೆ. ಅದು 100 ಕಿಲೋ ಓಮ್ ರೆಸಿಸ್ಟರಿನ ಜೊತೆ ಸೇರಿ ಸುಮಾರು 16 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುತ್ತದೆ, ನೇರ ವಿದ್ಯುತ್ತನ್ನು ಪೂರ್ತಿ ತಡೆಯುತ್ತದೆ. ಮುಂದೆ 10 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರುಗಳ ಜೋಡಿ, ಸಂಕೇತ 11 ಪಟ್ಟು ಹಿಗ್ಗುವಂತೆ ಐಸಿಗೆ ಕಟ್ಟುಹಾಕುತ್ತದೆ. ಹಿಗ್ಗಿಸುವ ವಿದ್ಯೆಯೆಲ್ಲ ಎಂಟು ಕಾಲಿನ ಆ ಐಸಿಯೊಳಗೇ ಇದೆ. ಕಟ್ಟುವವನ ಪಾಲಿಗೆ ಉಳಿಯುವ ಕಷ್ಟ ಬೇರೆಯದು. ಅದು ಸೊನ್ನೆ.

ಸಂಗೀತದ ಅಲೆ ಸೊನ್ನೆಯ ಮೇಲೂ ಏಳಬೇಕು, ಕೆಳಗೂ ಇಳಿಯಬೇಕು. ಬ್ಯಾಟರಿಗಿರುವುದು ಎರಡೇ ತುದಿ. ಅದಕ್ಕಾಗಿ ಒಂದೇ ಬೆಲೆಯ ಎರಡು ರೆಸಿಸ್ಟರುಗಳನ್ನು ತುದಿಯಿಂದ ತುದಿಗೆ ಸೇರಿಸಿ, ನಡುವಿನ ಬಿಂದುವನ್ನೇ ಸೊನ್ನೆ ಎಂದು ಕರೆಯುತ್ತಾರೆ. ಮೇಲೆ ನಾಲ್ಕೂವರೆ ವೋಲ್ಟ್, ಕೆಳಗೆ ನಾಲ್ಕೂವರೆ. ಇದು ತಕ್ಕಡಿಯ ಮುಳ್ಳಿನ ಹಾಗೆ. ಒಂದು ಪಾಲಿನಿಂದ ಹೆಚ್ಚು ವಿದ್ಯುತ್ ಎಳೆದರೆ ಮುಳ್ಳು ಆ ಕಡೆಗೆ ವಾಲುತ್ತದೆ. ಇನ್ನೊಂದು ಅಪಾಯ ಡಬ್ಬಿಯದೇ. ಹೆಡ್‌ಫೋನ್ ಸಿಕ್ಕಿಸುವ ಜಾಕಿನ ಹೊರಮೈ ಈ ಕೃತಕ ಸೊನ್ನೆಗೆ ಸೇರಿರುತ್ತದೆ. ಚಾರ್ಜರಿಗೆಂದು ಇಟ್ಟ ಸಾಕೆಟ್ಟಿನ ಹೊರಮೈ ಬ್ಯಾಟರಿಯ ಋಣ ತುದಿಗೆ ಸೇರಿದ್ದು, ಎರಡೂ ಒಂದೇ ತಗಡಿಗೆ ತಾಗಿದರೆ ಕೆಳಗಿನ ಅರ್ಧ ಷಾರ್ಟ್ ಆಗುತ್ತದೆ. ನಕ್ಷೆ ಸರಿಯಿದ್ದೂ ಕೆಲಸ ಕೆಡುವುದು ಇಂಥಲ್ಲಿ.

ಬೆಸುಗೆ ಮುಗಿದೊಡನೆ ಹೆಡ್‌ಫೋನ್ ಸಿಕ್ಕಿಸುವ ಆತುರ ಎಲ್ಲರಿಗೂ ಸಹಜ. ಅನುಭವಿಗಳು ಮೊದಲು ಮಲ್ಟಿಮೀಟರ್ ಹಿಡಿಯುತ್ತಾರೆ. ಹಾಡು ಹಾಕದೆ, ಹೆಡ್‌ಫೋನ್ ಸಿಕ್ಕಿಸದೆ, ಎಡ ಮತ್ತು ಬಲ ಹೊರದಾರಿಗಳಲ್ಲಿ ಎಷ್ಟು ನೇರ ವಿದ್ಯುತ್ ಇದೆಯೆಂದು ಅಳೆಯುತ್ತಾರೆ. ಹತ್ತಿಪ್ಪತ್ತು ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಒಂದೆರಡು ವೋಲ್ಟ್ ಕಂಡರೆ ಎಲ್ಲೋ ಬೆಸುಗೆ ಬಿಟ್ಟಿದೆ ಅಥವಾ ಐಸಿ ತಿರುಗಿ ಕೂತಿದೆ ಎಂದರ್ಥ. ಹಾಗೆಯೇ ಸಿಕ್ಕಿಸಿದರೆ ಹೆಡ್‌ಫೋನಿನ ಕೂದಲೆಳೆಯಂಥ ಸುರುಳಿ ಒಂದೇ ಕಡೆಗೆ ತಳ್ಳಿಸಿಕೊಂಡು, ಕಾದು, ಸುಟ್ಟುಹೋಗಬಹುದು. ಡಬ್ಬಿಗಿಂತ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು.

ಕಿವಿಯ ಲೆಕ್ಕವೂ ಉಂಟು. ಒಂದು ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ, 32 ಓಮಿನ ಹೆಡ್‌ಫೋನಿಗೆ ಒಂದು ವೋಲ್ಟ್ ತಲುಪಿದರೆ ಸದ್ದು ಸುಮಾರು 115 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಯಸ್ಕರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್. ಸಣ್ಣ ಹೆಡ್‌ಫೋನಿಗೆ 11 ಪಟ್ಟು ಯಾತಕ್ಕೆ? 10 ಕಿಲೋ ಓಮಿನ ಜಾಗದಲ್ಲಿ 2 ಕಿಲೋ ಓಮ್ ಹಾಕಿದರೆ ಹಿಗ್ಗು ಮೂರು ಪಟ್ಟಿಗೆ ಇಳಿಯುತ್ತದೆ. ಹಾಗೆ ಮಾಡಿದವರೇ ಜಾಣರು.

ಸೊನ್ನೆಯ ತೊಡಕಿಗೆ ಇನ್ನೊಂದು ಉತ್ತರ 2011ರಲ್ಲಿ ಬಂತು. ನಿಜ ಹೆಸರು ಹೇಳದೆ 'ಎನ್‌ಡಬ್ಲ್ಯುಎವಿಗೈ' ಎಂದು ಸಹಿ ಹಾಕುತ್ತಿದ್ದ ಎಂಜಿನಿಯರೊಬ್ಬ 'ಆಬ್ಜೆಕ್ಟಿವ್ 2' ಎಂಬ ಆಂಪ್ಲಿಫೈಯರಿನ ನಕ್ಷೆಯನ್ನು, ಅಳತೆಗಳ ಸಮೇತ ಎಲ್ಲರ ಮುಂದಿಟ್ಟ. ದುಬಾರಿ ಪೆಟ್ಟಿಗೆಗಳ ಹೊಗಳಿಕೆಯನ್ನು ಕಿವಿಯ ಮಾತಿಗೆ ಬಿಡದೆ ಯಂತ್ರದಿಂದ ಅಳೆದು ನೋಡಿ ಎಂಬುದು ಆತನ ವಾದ. ಇದರಿಂದ ಜಗಳಗಳೂ ಆದವು. ಆತ ರೆಸಿಸ್ಟರುಗಳ ಸೊನ್ನೆಯನ್ನು ಒಪ್ಪಲಿಲ್ಲ. ಎರಡು ಬ್ಯಾಟರಿಗಳನ್ನಿಟ್ಟು, ಅವು ಸೇರುವ ಜಾಗವನ್ನೇ ಸೊನ್ನೆ ಮಾಡಿದ. ಎರಡರಲ್ಲಿ ಒಂದು ಮೊದಲು ಸೋತರೆ ಹೆಡ್‌ಫೋನಿಗೆ ನೇರ ವಿದ್ಯುತ್ ನುಗ್ಗೀತೆಂದು, ಎರಡನ್ನೂ ಒಟ್ಟಿಗೆ ಕಡಿದುಹಾಕುವ ಕಾವಲು ಸರ್ಕ್ಯೂಟನ್ನೂ ಸೇರಿಸಿದ. ಯಾರು ಬೇಕಾದರೂ ಮಾಡಬಹುದು, ಮಾರಬಹುದು, ನಕ್ಷೆಯನ್ನು ಮಾತ್ರ ಬದಲಿಸಕೂಡದು ಎಂಬುದು ಷರತ್ತು.

2012ರ ನಡುವಿನಲ್ಲಿ ಆತನ ಬರಹ ಇದ್ದಕ್ಕಿದ್ದಂತೆ ನಿಂತಿತು. ಕಾಯುತ್ತಿದ್ದವರ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ಆತನ ನಕ್ಷೆಯ ಹಸಿರು ಫಲಕಗಳು ಮಾತ್ರ ಆಮೇಲೂ ಅಚ್ಚಾದವು, ಮಾರಾಟವಾದವು. ಕೊಂಡವರು ಅವನ್ನು ತಮ್ಮ ತಮ್ಮ ಮನೆಯ ಮೇಜಿನ ಮೇಲಿಟ್ಟುಕೊಂಡು ಬೆಸುಗೆ ಹಾಕಿದರು.